ಆಯಿಯ ಮೌನ, ಎಮ್ಮೆಯ ಹಟ

ನಾನು ಚಿಕ್ಕವನಿದ್ದಾಗ ನಮ್ಮ ಶೇಡಬಾಳದಲ್ಲಿ ಟಿವಿ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ನಮಗೆ ನಗು ಬರಬೇಕೆಂದರೆ ಯಾರಾದರೂ ಕೆಸರಿನಲ್ಲಿ ಜಾರಿ ಬೀಳಬೇಕಿತ್ತು. ಅಂಥ ಕಾಲದಲ್ಲಿ ಅಥಣಿಗೆ ಹೋಗಿದ್ದ ಅಪ್ಪ ನನಗೊಂದು ನಗೆಕಥೆಯ ಪುಸ್ತಕ ತಂದ. ಸೀಮೆಎಣ್ಣೆ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ಬಂದಿದ್ದರಿಂದ ಹಾಳೆಗಳೆಲ್ಲ ಸೀಮೆಎಣ್ಣೆ ನಾತ ಹೊಡೆಯುತ್ತಿದ್ದವು. ನನಗೆ ಅದೇ ಪರಿಮಳ.

ಮರುದಿನ ನಮ್ಮ ಜೈನರ ಭಾದ್ರಪದದ ಪರ್ವದ ಕಡೆಯ ದಿನ. ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಅಂದು ನೀರನ್ನೂ ಮುಟ್ಟದ ಉಪವಾಸ ಹಿಡಿದಿದ್ದಳು. ಅದು ಸಾಲದೆಂದು ಬೆಳಿಗ್ಗೆ ಬಸದಿಯಲ್ಲಿ ದೇವರ ಮುಂದೆ ನಿಂತು, ಸಂಜೆಯ ಆರತಿಯವರೆಗೆ ಮಾತಾಡುವುದಿಲ್ಲ ಎಂಬ ನೇಮವನ್ನೂ ತೆಗೆದುಕೊಂಡಿದ್ದಳು. ಇಡೀ ಓಣಿಗೆ ಕೇಳುವ ಬಾಯಿ ಅವಳದು. ಅದು ಸುಮ್ಮನಾದಾಗ ನಮ್ಮ ಬೆಕ್ಕು ಕೂಡ ಗಾಬರಿಯಾಗಿ ಅವಳ ಮುಖವನ್ನೇ ನೋಡುತ್ತ ಕೂತಿತ್ತು.

ಹೊರಗೆ ಜಿಟಿಜಿಟಿ ಮಳೆ. ಪಡಸಾಲೆಯಲ್ಲಿ ಆಯಿ ಜಪಮಾಲೆ ಹಿಡಿದು ಕೂತಿದ್ದಳು. ನಾನು ಪಕ್ಕದಲ್ಲೇ ಚಾಪೆ ಹಾಸಿಕೊಂಡು ಪುಸ್ತಕ ತೆರೆದೆ. ಮನಸ್ಸಿನಲ್ಲೇ ಓದುವುದು ಆಗ ನಮಗೆ ಗೊತ್ತೇ ಇರಲಿಲ್ಲ. ಓದುವುದೆಂದರೆ ಗಂಟಲು ಹರಿಯುವಂತೆ ಓದುವುದು.

ಕಥೆಯಲ್ಲೊಬ್ಬ ಬೀಗ. ಹೊಸ ಹಸಿರು ರುಮಾಲು ಸುತ್ತಿಕೊಂಡು ಮಗಳ ಮನೆಗೆ ಬಂದಿದ್ದಾನೆ. ಹೊರಟು ನಿಂತಾಗ ಅಂಗಳದ ಎಮ್ಮೆ ರುಮಾಲಿನ ತುದಿಯನ್ನು ಹುಲ್ಲೆಂದು ತಿಳಿದು ಬಾಯಿಗೆ ಹಾಕಿಕೊಳ್ಳುತ್ತದೆ. ಊಟಕ್ಕೆ ನಿಲ್ಲಿರೆಂದು ಬೀಗರೇ ಹಿಂದಿನಿಂದ ಜಗ್ಗುತ್ತಿದ್ದಾರೆ ಅಂದುಕೊಂಡ ಇವನು ತಿರುಗಿಯೂ ನೋಡದೆ, "ಬ್ಯಾಡ್ರಿ, ಹೊಟ್ಟಿ ತುಂಬೇತ್ರಿ, ಒತ್ತಾಯ ಮಾಡಬ್ಯಾಡ್ರಿ" ಎನ್ನುತ್ತಾನೆ. ಎಮ್ಮೆ ಮತ್ತೆ ಜಗ್ಗುತ್ತದೆ. ಇವನು ಮತ್ತೆ ಕೈ ಮುಗಿಯುತ್ತಾನೆ.

ಜಪಮಾಲೆ ನಿಂತುಬಿಟ್ಟಿತ್ತು. ತಲೆಯೆತ್ತಿ ನೋಡಿದರೆ ಆಯಿಯ ಹೆಗಲು ಕುಣಿಯುತ್ತಿತ್ತು. ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಆದರೂ ತಡೆಯಲಾಗದೆ 'ಹೋ' ಎಂದು ನಕ್ಕಳು. ಮಾಡಿನ ಮೇಲಿನ ಪಾರಿವಾಳಗಳು ಹಾರಿಹೋದವು. ಮರುಕ್ಷಣವೇ ಎದ್ದು ದೇವರ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಒಳಗಿನಿಂದ ಅಕ್ಕ ಓಡಿ ಬಂದಳು. "ಏ ಖೋಡಿ! ಆಯಿ ನೇಮ ಮುರದೆಲ್ಲೋ! ಇನ್ನ ನಾಳಿನೂ ಆಕಿ ಉಪಾಸ ಇರಬೇಕು ನೋಡು."

ಆಯಿ ಮೊದಲೇ ಕಡ್ಡಿಯಂತಿದ್ದಳು. ಇನ್ನೊಂದು ದಿನ ನೀರಿಲ್ಲದೆ ಇದ್ದರೆ ಉಳಿಯುತ್ತಾಳೆಯೇ? ಮಧ್ಯಾಹ್ನ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಪುಸ್ತಕದ ಮೇಲೇ ಸಿಟ್ಟು ಬಂದು ಅದನ್ನು ಕೌದಿಗಳ ಕೆಳಗೆ ತುರುಕಿದೆ.

ಸಂಜೆ ಎಲ್ಲರೂ ಬಸದಿಗೆ ಹೋದೆವು. ಆಯಿ ನನ್ನ ಕಡೆ ನೋಡಲೂ ಇಲ್ಲ. ಆರತಿಗೆ ಮೊದಲು ಅಪ್ಪ ಪೂಜೆಯ ಉಪಾಧ್ಯರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದ. ನಾನು ಕಂಬ ಹಿಡಿದು ನಿಂತಿದ್ದೆ. ಉಪಾಧ್ಯರು ತೀರ್ಥದ ಬಟ್ಟಲು ಕೆಳಗಿಟ್ಟು ಆಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮಾತು ಬಿಡ್ತೀನಿ ಅಂದಾರ್ರಿ ನಿಮ್ಮ ಅವ್ವಾರು. ನಗಿ ಬಿಡ್ತೀನಿ ಅಂದಿಲ್ಲಲ್ರಿ" ಎಂದರು. "ನೇಮ ಭದ್ರ ಐತಿ."

ಕಂಬಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. ಆರತಿ ಮುಗಿಯಿತು, ಗಂಟೆ ನಿಂತಿತು. ಹೊರಗೆ ಮೆಟ್ಟಿಲ ಮೇಲೆ ಆಯಿ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು. ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದೆ.

"ಏ, ಆ ಎಮ್ಮಿ ಕಡೀಕರ ರುಮಾಲ ಬಿಡ್ತೋ ಇಲ್ಲೋ? ಜೀವ ಹಿಡಕೊಂಡು ಕುಂತೀನಿ, ಹೇಳೋ ಮಗನ!"

ಮಕ್ಕಳೇ, ಆ ಪುಸ್ತಕವನ್ನು ಇಷ್ಟು ವರ್ಷ ಅಕ್ಕ ತನ್ನ ಟ್ರಂಕಿನಲ್ಲಿ ಜೋಪಾನ ಮಾಡಿದ್ದಳು. ಹೋದ ತಿಂಗಳು ಕಳಿಸಿಕೊಟ್ಟಳು. ಓದಿದೆ. ಅಕ್ಷರ ಸಣ್ಣವು, ಚಿತ್ರಗಳು ಕರಿ ಮಸಿಯವು, ಕಥೆಗೆ ತಲೆಬುಡವಿಲ್ಲ. ಆಗ ನಾನು ಎಮ್ಮೆಯನ್ನು ನೋಡಿ ನಗುತ್ತಿದ್ದೆ, ಈಗ ಬೀಗನನ್ನು ನೋಡಿ ನಕ್ಕೆ. ಪಾಪ, ಬೇಡ ಬೇಡ ಎನ್ನುತ್ತಲೇ ಅವನಿಗೆ ಯಾರಾದರೂ ಒತ್ತಾಯ ಮಾಡಲೆಂಬ ಆಸೆ. ಅದು ಹತ್ತು ವರ್ಷದ ಹುಡುಗನಿಗೆ ತಿಳಿಯುವ ಸಂಗತಿಯಲ್ಲ.

ನಿಮಗೆ ನಗುವಿಗೆ ಬರವಿಲ್ಲ. ಬೆರಳು ತಾಗಿಸಿದರೆ ಫೋನಿನಲ್ಲಿ ಸಾವಿರ ಎಮ್ಮೆಗಳು ಸಾವಿರ ರುಮಾಲು ಜಗ್ಗುತ್ತವೆ. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನೀವು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತೀರಿ, ಮನಸ್ಸಿನಲ್ಲೇ ಓದುತ್ತೀರಿ, ನಿಮ್ಮಷ್ಟಕ್ಕೆ ನೀವೇ ನಗುತ್ತೀರಿ. ಯಾಕೆ ನಕ್ಕಿರೆಂದು ನನಗೆ ತಿಳಿಯುವುದೇ ಇಲ್ಲ. ಒಂದೊಂದು ಸಲ ಗಟ್ಟಿಯಾಗಿ ಓದಿ. ಪಕ್ಕದ ಕೋಣೆಯಲ್ಲಿ ನಾನೂ ಇರುತ್ತೇನೆ.