ಕನಸು ಕೇಳುವ ಟೈಲರಕ್ಕ

ಟೈಲರಕ್ಕನಿಗೆ ಅಳತೆ ಕೊಡಲು ಹೋದವರು ಕನಸನ್ನೂ ಒಪ್ಪಿಸಿಯೇ ಬರಬೇಕು. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಆಕೆ "ಏನು ಕನಸು ಬಿತ್ತು?" ಎಂದು ವಿಚಾರಿಸುತ್ತಾಳೆ. ಕನಸು ಎಷ್ಟೇ ಘನಘೋರವಾಗಿರಲಿ, ಅರ್ಥ ಮಾತ್ರ ಮನೆವಾರ್ತೆಗೇ ಬಂದು ಇಳಿಯುತ್ತದೆ. ಆನೆ ಅಟ್ಟಿಸಿಕೊಂಡು ಬಂತೆಂದ ಮೇಷ್ಟರಿಗೆ, "ಪ್ಯಾಂಟು ಬಿಗಿ ಸಾರ್, ಓಡಕ್ಕಾಗಲ್ಲ ಅನ್ನೋ ಭಯ ನಿಮಗೆ. ಸೊಂಟದಲ್ಲಿ ಎರಡಿಂಚು ಬಿಡ್ತೀನಿ" ಎಂದಳು. ಹಲ್ಲೆಲ್ಲ ಉದುರಿತೆಂದು ಗೋಳಾಡಿದ ನರ್ಸಮ್ಮನಿಗೆ, "ಜಿಪ್ಪು ಕಿತ್ತೋಗಿರೋ ಬ್ಯಾಗ್ ಯಾವುದೋ ಮನೇಲಿದೆ, ತಂದ್ಕೊಡಿ" ಎಂದಳು, ನಿಜಕ್ಕೂ ಇತ್ತು. ಮೋಡದ ಮೇಲೆ ಹಾರಿದೆನೆಂದು ಬೀಗಿದ ನಾದಿನಿಗೆ, "ಹಾರಿದ್ದು ಸಾಕು, ತಾರಸಿ ಮೇಲಿನ ಬಟ್ಟೆ ತಗೊಂಡ್ಬಾ" ಎಂದಳು. ವಿಚಿತ್ರವೆಂದರೆ, ಬಂದವರೆಲ್ಲ ಹಗುರಾಗಿ ಹೋಗುತ್ತಾರೆ. ಒಂದು ಮಧ್ಯಾಹ್ನ ಆ ನಾದಿನಿಯೇ, "ಅತ್ತಿಗೆ, ನಿಮಗೆ ಕನಸೇ ಬೀಳಲ್ವಾ?" ಎಂದು ಕೇಳಿದಳು. ಮಿಷನ್ನು ನಿಂತಿತು. "ಬೀಳತ್ತೆ. ನಿಮ್ಮಣ್ಣ ಬರ್ತಾರೆ. ಕಾಲರ್ ಸರಿಯಾಗಿ ಕೂತಿಲ್ಲ ಅಂತ ಜಗಳ ತೆಗೀತಾರೆ." ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. "ಅದಕ್ಕೇನು ಅರ್ಥ, ಅತ್ತಿಗೆ?" ಟೈಲರಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಹುಡುಕಿಲ್ಲ ಕಣೇ. ಅರ್ಥ ಗೊತ್ತಾಗಿ, ಅವರು ಬರೋದೇ ನಿಲ್ಲಿಸ್ಬಿಟ್ರೆ?" ಎಂದು ಮತ್ತೆ ಪೆಡಲು ತುಳಿಯತೊಡಗಿದಳು.