ಒಂದು ಕಣ್ಣು ಮುಚ್ಚಿದ ಬೋರ್ಡು

ಬೀದಿಯವರೆಲ್ಲ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅದೇ ಕೋಣೆ, ಅದೇ ಹೊಲಿಗೆ ಯಂತ್ರ, ಅದೇ ಕಿಟಕಿ. ಕಿಟಕಿಯಾಚೆ ಬಸ್ ನಿಲ್ದಾಣ. ಬಸ್ಸಿಗೆ ಕಾಯುವವರು ಕಿತ್ತುಹೋದ ಗುಂಡಿಯನ್ನೋ ಬಿಚ್ಚಿದ ಅಂಚನ್ನೋ ಕಿಟಕಿಯಿಂದಲೇ ಒಳಗೆ ಚಾಚಿದರೆ, ಬಸ್ಸು ಬರುವಷ್ಟರಲ್ಲಿ ಅದು ಸರಿಯಾಗಿ ವಾಪಸಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಉಳಿದದ್ದು ಆ ಯಂತ್ರ ಮತ್ತು ಅತ್ತೆ. ಒಂದಕ್ಕೆ ಚಕ್ರಕ್ಕೆ ಎಣ್ಣೆ ಬೇಕು, ಇನ್ನೊಬ್ಬರಿಗೆ ಮಂಡಿಗೆ. ಇಬ್ಬರ ಸದ್ದೂ ನಿಂತರೆ ಮನೆ ಮನೆಯಾಗಿರುವುದಿಲ್ಲ ಎಂದು ಅವಳು ನಗುತ್ತಿದ್ದಳು.

ಚಿಲ್ಲರೆ ಹೊಲಿಗೆಯಿಂದ ದಿನ ಕಳೆಯುತ್ತಿತ್ತು. ವರ್ಷ ಕಳೆಯುತ್ತಿದ್ದದ್ದು ಮಾತ್ರ ಶಾಲೆಯ ಸಮವಸ್ತ್ರದಿಂದ. ಬೇಸಿಗೆ ರಜೆಯಲ್ಲಿ ಶಾಲೆಯ ದೊಡ್ಡ ಮೇಡಂ ಥಾನುಗಟ್ಟಲೆ ಬಟ್ಟೆ ಕಳಿಸುತ್ತಿದ್ದರು. ಎರಡು ತಿಂಗಳು ಕೋಣೆಯ ತುಂಬ ಬೂದು ಬಣ್ಣದ ತೋಳುಗಳು, ಕಾಲರುಗಳು. ಶಾಲೆ ಶುರುವಾದ ದಿನ ಮಕ್ಕಳ ಸಾಲು ಕಿಟಕಿಯೆದುರು ಹಾದುಹೋಗುವಾಗ, ತನ್ನ ಹೊಲಿಗೆಯೇ ಕಾಲು ಮೂಡಿ ನಡೆಯುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಆ ವರ್ಷ ಪಕ್ಕದ ಬೀದಿಯಲ್ಲಿ ಕಣ್ಣಿನ ಚಿಕಿತ್ಸಾಲಯವೊಂದು ತೆರೆಯಿತು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಸೂಜಿಯಕ್ಕ ಹೋಗಿ ಹತ್ತಿರದ ಕೆಲಸಕ್ಕೊಂದು ಕನ್ನಡಕ ಮಾಡಿಸಿಕೊಂಡು ಬಂದಳು. ಮುಂದಿನ ವಾರ ಡಾಕ್ಟರಮ್ಮನೇ ಕೋಣೆಗೆ ಬಂದಳು.

"ಅಕ್ಕಾ, ನಿಮ್ಮ ಮುಖ ಎಲ್ಲರಿಗೂ ಗೊತ್ತು. ನಮ್ಮ ಬೋರ್ಡಿಗೆ ಒಂದು ಫೋಟೋ ಕೊಡ್ತೀರಾ?"

"ನನ್ನ ಮುಖ ನೋಡಿ ಯಾರು ಬರ್ತಾರಮ್ಮಾ?" ಎಂದರೂ ಸೂಜಿಯಕ್ಕ ಹೊಸ ಸೀರೆ ಉಟ್ಟುಕೊಂಡೇ ಹೋದಳು.

ಫೋಟೋದವನು, "ಗಾಜು ಹೊಳೆಯುತ್ತೆ, ಕನ್ನಡಕ ತೆಗೀರಿ" ಎಂದ. "ಅಕ್ಷರದ ಪಟ್ಟಿ ಓದುವಾಗ ಮುಚ್ಚಿಕೊಳ್ತೀರಲ್ಲ, ಹಾಗೆ ಒಂದು ಕಣ್ಣಿಗೆ ಕೈ ಇಡಿ. ನಗಬೇಡಿ. ಆಸ್ಪತ್ರೆ ಅಂದರೆ ಗಂಭೀರವಾಗಿರಬೇಕು."

ಬಾಗಿಲಿನಷ್ಟು ದೊಡ್ಡ ಬೋರ್ಡು ಬಸ್ ನಿಲ್ದಾಣದ ನೆತ್ತಿಗೇರಿತು. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ಎಲ್ಲೋ ನೋಡುತ್ತಾ, ಮುಖ ಸಪ್ಪೆ ಮಾಡಿಕೊಂಡು ಸೂಜಿಯಕ್ಕ. ಕೆಳಗೆ 'ತಡ ಮಾಡಬೇಡಿ, ಇಂದೇ ಬನ್ನಿ' ಎಂಬ ಸಾಲು, ವಿಳಾಸ. ಸಾಲನ್ನು ಯಾರೂ ಓದಲಿಲ್ಲ. ಮುಖವನ್ನು ಎಲ್ಲರೂ ಓದಿದರು.

ಮೊದಲು ಶುರುವಾದದ್ದು ಎದುರಿನ ಇಸ್ತ್ರಿಯವನಿಂದ. "ತಗೋ ಅಕ್ಕಾ, ಇದು ನೀಲಿ ಅಂಗಿ," ಎಂದು ಬಟ್ಟೆಯನ್ನು ಅವಳ ಕೈಗೇ ಇಟ್ಟ.

"ನೀಲಿ ಅಂತ ನನಗೂ ಕಾಣುತ್ತಪ್ಪಾ."

"ಹೂಂ ಹೂಂ, ಕಾಣುತ್ತೆ, ಕಾಣುತ್ತೆ," ಎಂದು ಅವನು ಮಗುವನ್ನು ರಮಿಸುವ ದನಿಯಲ್ಲಿ ಹೇಳಿ, ಅವಳು ಮೆಟ್ಟಿಲು ಇಳಿಯುವಾಗ ಮೊಣಕೈ ಹಿಡಿದುಕೊಂಡ.

ಯಾರೂ ಕೆಟ್ಟದ್ದಾಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ತರಕಾರಿಯವಳು ಅವಳಿಗಾಗಿ ತಾನೇ ಟೊಮೇಟೊ ಆರಿಸಿ ಕೊಟ್ಟಳು. ಅಪರಿಚಿತನೊಬ್ಬ ಅವಳ ಕೈಹಿಡಿದು, ಅವಳಿಗೆ ಬೇಡವಾಗಿದ್ದ ರಸ್ತೆಯನ್ನು ದಾಟಿಸಿಬಿಟ್ಟ. ಮತ್ತೆ ಈಚೆ ಬರಲು ಅವಳು ಅವನು ಮರೆಯಾಗುವವರೆಗೆ ಕಾಯಬೇಕಾಯಿತು. ಕಿಟಕಿಗೆ ಬರುತ್ತಿದ್ದ ಗುಂಡಿಗಳು ಮಾತ್ರ ಒಂದೊಂದಾಗಿ ನಿಂತವು. ಗುಂಡಿಯಿಲ್ಲದ ಅಂಗಿ ತೊಟ್ಟವರು ಎದೆಗೆ ಕೈ ಅಡ್ಡ ಇಟ್ಟುಕೊಂಡು, ಅವಳಿಗೆ ತೊಂದರೆ ಕೊಡಬಾರದೆಂದು ಆಚೆ ಮುಖ ಮಾಡಿ ನಿಲ್ಲುತ್ತಿದ್ದರು.

"ನನ್ನ ಕಣ್ಣಿಗೆ ಏನೂ ಆಗಿಲ್ಲ!" ಎಂದು ಅವಳು ಬಾಯಿಬಿಟ್ಟು ಹೇಳಿದಳು.

"ಅಷ್ಟು ದೊಡ್ಡ ಬೋರ್ಡು ಸುಳ್ಳು ಹೇಳುತ್ತಾ ಅಕ್ಕಾ?" ಎಂದ ಇಸ್ತ್ರಿಯವನು. "ಧೈರ್ಯವಾಗಿರು."

ಮನೆಯೊಳಗೂ ಅದೇ ಕಥೆ. ಊಟಕ್ಕೆ ಕೂತಾಗ ಅತ್ತೆ ತಟ್ಟೆ ತಿರುಗಿಸಿ, "ಉಪ್ಪು ಬಲಗಡೆ ಇದೆ ನೋಡು" ಎಂದರು.

"ಅತ್ತೇ, ನಿಮ್ಮ ಜೊತೆಗೇ ಇರ್ತೀನಿ. ನಿಮಗೂ ನಂಬಿಕೆ ಇಲ್ವಾ?"

"ನನಗೇನು ಗೊತ್ತೇ ತಾಯಿ? ನೀನು ನೋವನ್ನ ನುಂಗಿಕೊಳ್ಳೋ ಪೈಕಿ. ಗಂಡ ಹೋದಾಗಲೂ ಹೀಗೇ ಏನೂ ಆಗಿಲ್ಲ ಅಂತಿದ್ದೆ."

ಸೂಜಿಯಕ್ಕ ತಟ್ಟೆ ತೊಳೆದಿಟ್ಟು ಕನ್ನಡಿಯೆದುರು ನಿಂತು, ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಇನ್ನೊಂದು. ಎರಡರಲ್ಲೂ ಕಾಣುತ್ತಿತ್ತು. ಆದರೂ ಅವಳು ಹಾಗೆ ನೋಡಿಕೊಂಡಳು ಎಂಬುದೇ ಅವಳನ್ನು ಹೆದರಿಸಿತು.

ಮರುದಿನ ಶಾಲೆಯ ಜವಾನ ಒಂದು ಚೀಟಿ ತಂದ. ಒಂದು ಹಾಳೆಯಲ್ಲಿ ಹಿಡಿಸಲಾರದಷ್ಟು ದಪ್ಪ ಅಕ್ಷರ: 'ಈ ವರ್ಷ ಕಣ್ಣಿಗೆ ವಿಶ್ರಾಂತಿ ಕೊಡಿ. ಸಮವಸ್ತ್ರ ಬೇರೆ ಕಡೆ ಹೊಲಿಸುವ ಯೋಚನೆ ಇದೆ. ಬೇಗ ಗುಣವಾಗಲಿ.' ಮೂರು ಸಾಲಿಗೆ ಎರಡು ಹಾಳೆ. ಕುರುಡಿಗೂ ಕಾಣಲಿ ಎಂದು ಬರೆದಿದ್ದಾರೆ ಎಂದುಕೊಂಡಳು ಸೂಜಿಯಕ್ಕ. ಆ ಅಕ್ಷರಗಳ ಗಾತ್ರವೇ ಅವಳ ಎದೆಗೆ ಚುಚ್ಚಿತು. ಚೀಟಿ ಮಡಚಿ ಹಿಡಿದುಕೊಂಡು ನೇರವಾಗಿ ಚಿಕಿತ್ಸಾಲಯಕ್ಕೆ ನಡೆದಳು.

ಕುರ್ಚಿಗಳೆಲ್ಲ ಖಾಲಿ. ಡಾಕ್ಟರಮ್ಮ ಒಬ್ಬಳೇ ಕೂತು, ತಾನೇ ಬರೆಸಿದ ಅಕ್ಷರದ ಪಟ್ಟಿಯನ್ನು ನೋಡುತ್ತಿದ್ದಳು.

"ಬೋರ್ಡು ಹಾಕಿದ ಮೇಲೆ ಬರ್ತಿದ್ದವರೂ ನಿಂತುಬಿಟ್ಟರು ಅಕ್ಕಾ. ಏನಾಯ್ತೋ ಗೊತ್ತಿಲ್ಲ."

"ನನಗೆ ಗೊತ್ತು. ಇಲ್ಲಿಗೆ ಬಂದೇ ನನ್ನ ಕಣ್ಣು ಹೋಯ್ತು ಅಂತ ಜನ ತಿಳ್ಕೊಂಡಿದ್ದಾರೆ."

ಡಾಕ್ಟರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೈಯಬೇಕೆಂದು ಬಂದಿದ್ದ ಸೂಜಿಯಕ್ಕನಿಗೆ, ಆ ಖಾಲಿ ಕುರ್ಚಿಗಳನ್ನು ಕಂಡು ತನ್ನ ಖಾಲಿ ಕಿಟಕಿ ನೆನಪಾಯಿತು. ಪಕ್ಕದಲ್ಲಿ ಕೂತಳು.

"ನೋಡಮ್ಮಾ, ನಾವು ಅಂಗಿ ಹೊಲಿಯೋವಾಗ ಮೊದಲು ಕಚ್ಚಾ ಹೊಲಿಗೆ ಹಾಕ್ತೀವಿ. ಎಳೆದರೆ ಬಿಚ್ಚೋ ಅಂಥ ಉದ್ದುದ್ದ ಹೊಲಿಗೆ. ಮೈಮೇಲೆ ಹಾಕಿಸಿ ನೋಡಿ, ಆಮೇಲೆ ಯಂತ್ರ. ನೀನು ಯಾರ ಮೈಮೇಲೂ ಹಾಕಿ ನೋಡದೆ ಹೊಲಿದುಬಿಟ್ಟೆ."

"ನನ್ನ ಸ್ನೇಹಿತೆಯರನ್ನ ಕೇಳಿದ್ದೆ. ಚೆನ್ನಾಗಿದೆ ಅಂದರು."

"ಚೆನ್ನಾಗಿದೆಯಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಅದರ ಬದಲು, ಕೈ ಎತ್ತಿ ನೋಡಿ ಅನ್ನಬೇಕು. ಆಗ ಕಂಕುಳಲ್ಲಿ ಎಲ್ಲಿ ಹಿಡಿಯುತ್ತೆ ಅಂತ ತಿಳಿಯುತ್ತೆ."

ಹಾಗೆ ಅವರಿಬ್ಬರ ಕಚ್ಚಾ ಹೊಲಿಗೆ ಶುರುವಾಯಿತು. ಮೂರು ಬೇರೆ ಬೇರೆ ಫೋಟೋ ತೆಗೆಸಿ, ಹೊಲಿಗೆ ಕೋಣೆಯ ಕಿಟಕಿಗೆ ಹಗ್ಗ ಕಟ್ಟಿ ನೇತುಹಾಕಿದರು. ಬಸ್ಸಿಗೆ ಕಾಯುವವರನ್ನು ಕರೆದು ಸೂಜಿಯಕ್ಕ ಒಂದೇ ಮಾತು ಕೇಳುತ್ತಿದ್ದಳು: "ಇದರಲ್ಲಿ ಏನು ನಡೀತಿದೆ?" ಹೇಳಿಕೊಡಬಾರದು, ತಿದ್ದಬಾರದು. ಡಾಕ್ಟರಮ್ಮ ಪುಸ್ತಕ ಹಿಡಿದು ಬರೆದುಕೊಳ್ಳಬೇಕು.

ಮೊದಲನೆಯದರಲ್ಲಿ ಡಾಕ್ಟರಮ್ಮ ಒಬ್ಬ ಹೆಂಗಸಿನ ಕಣ್ಣಿಗೆ ಟಾರ್ಚು ಬಿಡುತ್ತಿದ್ದಳು. ತರಕಾರಿಯವಳು ತುಂಬ ಹೊತ್ತು ನೋಡಿ ಹೇಳಿದಳು: "ಕಳ್ಳಿ ಸಿಕ್ಕಿಬಿದ್ದಿದ್ದಾಳೆ."

ಎರಡನೆಯದರಲ್ಲಿ ಬರೀ ಒಂದು ದೊಡ್ಡ ಕಣ್ಣು. "ಕ್ಯಾಮೆರಾ ಇಟ್ಟಿದ್ದೀವಿ, ಹುಷಾರು ಅಂತ," ಎಂದ ಬಸ್ ಕಂಡಕ್ಟರು.

ಡಾಕ್ಟರಮ್ಮ ಬಾಯಿ ತೆರೆದಳು. ಸೂಜಿಯಕ್ಕ ಅವಳ ಕಾಲು ತುಳಿದಳು.

ಮೂರನೆಯದರಲ್ಲಿ ಸೂಜಿಯಕ್ಕ ಕನ್ನಡಕ ಹಾಕಿಕೊಂಡು, ಎರಡು ಕಣ್ಣೂ ಬಿಟ್ಟು, ತನ್ನ ಯಂತ್ರದ ಮುಂದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅದನ್ನು ಅತ್ತೆಗೆ ತೋರಿಸಿದರು. ಅತ್ತೆ ಹತ್ತಿರ ಹಿಡಿದರು, ದೂರ ಹಿಡಿದರು.

"ಇದು ನೀನೇ. ಕನ್ನಡಕ ಹಾಕ್ಕೊಂಡಿದ್ದೀಯ. ಸೂಜಿಗೆ ದಾರ ಹೋಗ್ತಿದೆ." ಫೋಟೋದಿಂದ ತಲೆಯೆತ್ತಿ ಸೊಸೆಯನ್ನು ನೋಡಿದರು. "ಹಾಗಾದರೆ ನಿನಗೆ ಕಾಣುತ್ತೆ ಅನ್ನು! ಅದನ್ನ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು? ಅಂಥದ್ದೊಂದು ಕನ್ನಡಕ ನನಗೂ ಕೊಡಿಸು."

ಡಾಕ್ಟರಮ್ಮ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಳು.

ಹಳೆಯ ಬೋರ್ಡು ಇಳಿಯಿತು, ಹೊಸದು ಏರಿತು. ಒಂದು ದಿನ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಫೋನು: "ಅಕ್ಕಾ, ಬೇಗ ಬನ್ನಿ. ಕುರ್ಚಿಯೆಲ್ಲ ತುಂಬಿದೆ. ಆದರೆ ಎಲ್ಲರ ಕೈಯಲ್ಲೂ ಹರಿದ ಬಟ್ಟೆ ಇದೆ!"

ಸೂಜಿಯಕ್ಕ ಹೋಗಿ ನೋಡಿದರೆ ಹೌದು. ಒಬ್ಬನ ಕೈಯಲ್ಲಿ ಅಂಚು ಬಿಚ್ಚಿದ ಪ್ಯಾಂಟು, ಒಬ್ಬಳ ಮಡಿಲಲ್ಲಿ ಕಿಟಕಿಯ ಪರದೆ. ಸೂಜಿಯಕ್ಕನ ಅಂಗಡಿ ಇಲ್ಲಿಗೆ ಬಂದಿದೆ, ಬೋರ್ಡಿನಲ್ಲೇ ಹಾಕಿದ್ದಾರೆ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೇ ಕಚ್ಚಾ ಹೊಲಿಗೆ ಹಾಕಿದರೂ ಜನ ತಮಗೆ ಬೇಕಾದ ಕಡೆ ಒಂದು ಜೇಬು ಇಟ್ಟುಕೊಳ್ಳುತ್ತಾರೆ. ಇರಲಿ, ಬಂದಿದ್ದಾರಲ್ಲ. ಕಾಯುತ್ತಾ ಕೂತವರು ಆಗಲೇ ಎದುರಿನ ಪಟ್ಟಿಯನ್ನು ಗುನುಗುತ್ತಿದ್ದರು. ಪರದೆಯವಳು ಮೂರನೆಯ ಸಾಲಿನಲ್ಲಿ ತಡವರಿಸಿ, ಪಕ್ಕದವನನ್ನು ಕೇಳುತ್ತಿದ್ದಳು.

ಕೊನೆಯ ಕುರ್ಚಿಯಲ್ಲಿ ಶಾಲೆಯ ದೊಡ್ಡ ಮೇಡಂ ಕೂತಿದ್ದರು. ಮಡಿಲಲ್ಲಿ ಬೂದು ಬಟ್ಟೆಯ ತುಂಡು.

"ಬೋರ್ಡು ನೋಡಿದೆ," ಎಂದು ಮೇಡಂ ಎದ್ದರು. "ಅಷ್ಟು ಸಣ್ಣ ಸೂಜಿಗೆ ದಾರ ಪೋಣಿಸ್ತಿದ್ದೀರಿ. ಪೂರ್ತಿ ಗುಣವಾಯ್ತು ಅಂತ ತಿಳೀತು. ಈ ಸಲವೂ ನೀವೇ ಹೊಲಿದುಕೊಡಬೇಕಮ್ಮ. ಬೇರೆಯವರಿಗೆ ಒಪ್ಪಿಸೋಕೆ ನನಗೆ ಮನಸ್ಸೇ ಬರಲಿಲ್ಲ."

ಇಲ್ಲದ ಕಾಯಿಲೆ ಗುಣವಾದದ್ದನ್ನು ಸೂಜಿಯಕ್ಕ ಪ್ರಶ್ನಿಸಲು ಹೋಗಲಿಲ್ಲ. ಬಟ್ಟೆ ತೆಗೆದುಕೊಂಡು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು.

"ಮೇಡಂ, ಆ ಚೀಟಿ. ನನಗೆ ಕಾಣಲಿ ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದಿರಿ. ಅದನ್ನ ನೋಡಿ ಮನಸ್ಸಿಗೆ ಬಹಳ ಕಷ್ಟವಾಯ್ತು."

"ನಿಮಗಾಗಿಯಾ?" ಮೇಡಂ ಬೆರಗಾದರು. ಆಮೇಲೆ ದನಿ ತಗ್ಗಿಸಿದರು. "ಇಲ್ಲಮ್ಮ. ಈಚೆಗೆ ನಾನು ಬರೆಯೋದೇ ಹಾಗೆ. ಸಣ್ಣದಾಗಿ ಬರೆದರೆ ನನಗೇ ಕಾಣಲ್ಲ."

ಇಡೀ ಬೀದಿ ತನ್ನ ಮುಖವನ್ನು ತಪ್ಪಾಗಿ ಓದಿತು ಎಂದು ಇಷ್ಟು ದಿನ ಕೊರಗಿದ ಸೂಜಿಯಕ್ಕ, ಎರಡು ಹಾಳೆಯ ಒಂದು ಚೀಟಿಯನ್ನು ತಾನೇ ತಪ್ಪಾಗಿ ಓದಿದ್ದಳು. ಬೂದು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಮೇಡಂ ಅವರ ಮೊಣಕೈ ಮೆಲ್ಲಗೆ ಹಿಡಿದಳು.

"ಬನ್ನಿ ಮೇಡಂ, ಇದು ಹೊಲಿಯೋ ಕೋಣೆ ಅಲ್ಲ, ಕಣ್ಣಿನ ಕೋಣೆ. ಹೇಗೂ ಬಂದಿದ್ದೀರಿ, ಒಳಗೆ ಕೂತು ತೋರಿಸಿಕೊಳ್ಳಿ. ನಿಮ್ಮ ಮಕ್ಕಳ ಅಳತೆ ನನಗೆ ಬಿಡಿ."

ಡಾಕ್ಟರಮ್ಮ ದೀಪ ಹೊತ್ತಿಸಿದಳು. ದೊಡ್ಡ ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡರು. ಥೇಟ್ ಹಳೆಯ ಬೋರ್ಡಿನಂತೆ.

"ನಗಬಹುದಾ ಡಾಕ್ಟರೇ?" ಎಂದು ಕೇಳಿದರು.

"ಧಾರಾಳವಾಗಿ," ಎಂದಳು ಬಾಗಿಲಲ್ಲಿ ನಿಂತ ಸೂಜಿಯಕ್ಕ.