ಮುಂದಿನ ಮನೆಯವರೆಗೆ

ಮೊನ್ನೆ ಮೊಮ್ಮಗಳಿಗೆ ಚುಚ್ಚುಮದ್ದು ಕೊಡುವಾಗ ಸ್ಪಿರಿಟ್ಟಿನ ವಾಸನೆ ಜಗಲಿ ತುಂಬಿತು. ಎಲ್ಲರೂ ಮಗುವನ್ನು ರಮಿಸುತ್ತಿದ್ದರೆ ನಾನು ಎದ್ದು ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಆ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಚಿತ್ತಾಕುಲದ ಕಡೆಯ ಒಬ್ಬ ನರ್ಸಬಾಯಿ ಹಾರವಾಡದ ನಮ್ಮ ಕೇರಿಗೆ ಬರುತ್ತಿದ್ದರು. ಹೆಗಲಿಗೆ ಲಸಿಕೆಯ ನೀಲಿ ಡಬ್ಬಿ, ಕೈಯಲ್ಲಿ ಕೊಡೆ, ಕಾಲಿಗೆ ಚಕ್ರ. ಕಬ್ಬಿಣದ ಮಾತ್ರೆಯನ್ನು ಕೋಳಿಗೆ ಹಾಕುವ ಬಸುರಿಯರನ್ನು ಬೈಯುತ್ತಿದ್ದರು; ನಾನೂ ಬೈಸಿಕೊಂಡಿದ್ದೇನೆ.

ಕೇರಿಯ ಕೊನೆಯ ಮನೆಯವನ ಮಗುವಿಗೆ ಒಮ್ಮೆ ಚುಚ್ಚುಮದ್ದಿನ ನಂತರ ಜ್ವರ ಬಂತು. ಜ್ವರ ಮರುದಿನವೇ ಇಳಿಯಿತು, ಅವನ ಸಿಟ್ಟು ಇಳಿಯಲಿಲ್ಲ. "ಇನ್ನೊಂದ್ಸಲ ಈ ಬದಿಗೆ ಬಂದ್ರೆ ಕೈ ಮುರೀತೆ," ಎಂದ. ನರ್ಸಬಾಯಿ ಮೇಲಿನವರಿಗೆ ತಿಳಿಸಿದರೆ, ಸಂಭಾಳಿಸಿಕೊಂಡು ಹೋಗಿ ಎಂದರಂತೆ. ಅಷ್ಟು ಹೇಳುವುದಕ್ಕೆ ಕಚೇರಿ, ಕುರ್ಚಿ, ಫ್ಯಾನು ಯಾಕೆ ಬೇಕೋ! ಅವನ ಹೆಂಡತಿ ಮತ್ತೆ ಬಸುರಿ. ಆ ಮನೆಯನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ.

ಕೊನೆಗೆ ನಾವು ಹೆಂಗಸರೇ ಒಂದು ಕ್ರಮ ಮಾಡಿಕೊಂಡೆವು. ಪ್ರತಿ ಮನೆಯವಳು ನರ್ಸಬಾಯಿಯನ್ನು ಮುಂದಿನ ಮನೆಯವರೆಗೆ ಬಿಡಬೇಕು. ಅಲ್ಲಿಯವಳು ಅದರ ಮುಂದಿನ ಮನೆಗೆ. ಕೊನೆಯ ಮನೆಗೆ ಕರೆದೊಯ್ದು, ಕೆಲಸ ಮುಗಿಯುವವರೆಗೆ ಜೊತೆಗೆ ನಿಲ್ಲುವುದು ನನ್ನ ಪಾಲು. ಮೂವತ್ತು ಹೆಜ್ಜೆಯ ದಾರಿ, ನಡುವೆ ಒಂದು ಬೇಲಿ.

ಒಂದು ಬೆಳಿಗ್ಗೆ ನಾವಿಬ್ಬರೂ ಅಂಗಳಕ್ಕೆ ಇಳಿಯುವಾಗಲೇ ಕಡಲಬದಿಯಿಂದ ಕೂಗು ಕೇಳಿತು. ಮೀನು ತುಂಬಿದ ಏಂಡಿ ಬಲೆ ದಡಕ್ಕೆ ಬಂದಿತ್ತು. ಮೀನಿನ ಸುದ್ದಿ ಸಿಕ್ಕರೆ ನಮ್ಮವರಿಗೆ ಒಲೆಯ ಮೇಲಿನ ಅನ್ನವೂ ನೆನಪಿರುವುದಿಲ್ಲ.

"ಬಾಯಿ, ನೀವು ಹೋಗ್ತಾ ಇರಿ, ಈಗ ಬತ್ತೆ," ಎಂದು ಬುಟ್ಟಿ ಹಿಡಿದು ಓಡಿದೆ.

ತಿರುಗಿ ಬಂದಾಗ ಡಬ್ಬಿ ಬೇಲಿಯ ಹತ್ತಿರ ಬೋರಲಾಗಿ ಬಿದ್ದಿತ್ತು, ಸುತ್ತ ಚೆಲ್ಲಿದ ಸ್ಪಿರಿಟ್ಟಿನ ವಾಸನೆ. ಅವನು ಅವರ ಕೊಡೆಯನ್ನೇ ಕಸಿದು ಹೊಡೆದಿದ್ದ. ನರ್ಸಬಾಯಿ ಬಲಗೈಯನ್ನು ಎದೆಗೊತ್ತಿಕೊಂಡು, ಎಡಗೈಯಿಂದ ಹೊಯಿಗೆಯಲ್ಲಿ ಬಿದ್ದ ಲಸಿಕೆಯ ಬಾಟಲಿಗಳನ್ನು ಆರಿಸುತ್ತಿದ್ದರು. ಬಳೆಯ ಚೂರು ಮಣಿಕಟ್ಟಿಗೆ ಹೊಕ್ಕಿತ್ತು... ನನ್ನನ್ನು ನೋಡಿದರು, ಬುಟ್ಟಿಯನ್ನು ನೋಡಿದರು.

"ಬಂಗಡೆ ಸಿಕ್ತಾ ತಂಗಿ?"

ಅದು ಕೊಂಕೋ, ನೋವಿನಲ್ಲಿ ಬಾಯಿಗೆ ಬಂದ ಮಾತೋ, ಇವತ್ತಿಗೂ ತಿಳಿದಿಲ್ಲ. ನಾನು ಬುಟ್ಟಿ ಕೆಳಗಿಟ್ಟು ಬಾಟಲಿ ಆರಿಸತೊಡಗಿದೆ. ಪೊಲೀಸರು ಕೇಳಿದಾಗ, "ನಾ ಮೀನಿಗೆ ಹೋಗಿದ್ದೆ, ಎಂತದೂ ನೋಡ್ಲಿಲ್ಲ," ಎಂದೆ. ನಿಜವೇ. ನಿಜ ಹೇಳಿ ನಾಚಿಕೆಪಟ್ಟದ್ದು ಅದೊಂದೇ ಸಲ. ಕಂಡವರಿಲ್ಲ ಎಂದು ಪ್ರಕರಣ ಅಲ್ಲಿಗೇ ನಿಂತಿತು. ಮುರಿದ ಕೈ ಕೂಡಿದ ಮೇಲೆ ಅವರಿಗೆ ಕದ್ರಾ ಕಡೆಗೆ ವರ್ಗವಾಯಿತೆಂದು ಕೇಳಿದೆ. ಒಮ್ಮೆ ಹೋಗಿ ನೋಡಬೇಕು ಎನ್ನುತ್ತಲೇ ವರ್ಷಗಳು ಕಳೆದವು... ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ.

ಮೊನ್ನೆ ಬಂದಿದ್ದ ಹೊಸ ನರ್ಸ್ ಹುಡುಗಿ ಡಬ್ಬಿ ಹೆಗಲಿಗೇರಿಸಿ, "ನಾ ಒಬ್ಳೇ ಹೋಗ್ತೆ ಅಮ್ಮ, ನೀವ್ಯಾಕೆ?" ಎಂದಳು. ನಾನು ಕೇಳಲಿಲ್ಲ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಬೇಲಿಯ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು.

ಬಂಗಡೆ ಸಿಕ್ಕಿತ್ತು, ಬಾಯಿ. ಬುಟ್ಟಿ ತುಂಬ ಸಿಕ್ಕಿತ್ತು.